ಕೆಸರು ನೆಲದ ಮೇಲೆ 50 ಸಾವಿರ ಜನ

1985ರ ಜೂನ್ 8 ಮತ್ತು 9. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಉಲ್ಲೇವಿ ಸ್ಟೇಡಿಯಂ. 1958ರ ಫುಟ್‌ಬಾಲ್ ವಿಶ್ವಕಪ್‌ಗೆ ಅಂತ ಕಟ್ಟಿದ್ದು ಅದು. ಆ ಎರಡು ರಾತ್ರಿ ಅಲ್ಲಿ ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಹಾಡಿದರು. ಆಟದ ದಿನ ಖಾಲಿ ಇರುವ ಮೈದಾನದ ತುಂಬ ಕೂಡ ಜನ ನಿಂತಿದ್ದರು. ಹಾಡಿನ ತಾಳಕ್ಕೆ ಸಾವಿರಾರು ಜನ ಒಟ್ಟಿಗೆ ಎಗರಿದರು. ಕೆಳಗಿದ್ದ ಮೆತ್ತನೆಯ ಜೇಡಿ ಮಣ್ಣು ಅದೇ ತಾಳಕ್ಕೆ ಮೇಲೆ ಕೆಳಗೆ ಆಡೋಕೆ ಶುರು ಮಾಡಿತು. ಆ ಅಲುಗಾಟ ಮಣ್ಣಿನೊಳಗೆ ಹರಿದು, ಗ್ಯಾಲರಿಗಳ ಪೈಲುಗಳನ್ನು, ಅಂದರೆ ನೆಲದಾಳಕ್ಕೆ ಇಳಿಸಿದ ಅಡಿಪಾಯದ ಕಂಬಗಳನ್ನು, ಹಿಡಿದು ಮೇಲಕ್ಕೆ ಹತ್ತಿ, ಕಟ್ಟಡಕ್ಕೆ ಪೆಟ್ಟು ಕೊಟ್ಟಿತು. ಆಮೇಲೆ ಅಡಿಪಾಯವನ್ನು ದೊಡ್ಡ ಖರ್ಚಿನಲ್ಲಿ ಗಟ್ಟಿ ಮಾಡಬೇಕಾಯಿತು.

ನನಗೆ ಈ ಘಟನೆ ಯಾಕೆ ಮುಖ್ಯ ಅಂದರೆ, ಅಲ್ಲಿ ತೊಂದರೆ ಹುಟ್ಟಿದ್ದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಜಾಗದಲ್ಲಿ. ಎಲ್ಲರ ಕಣ್ಣು ಗ್ಯಾಲರಿ ಮೇಲೆ, ಚಾವಣಿ ಮೇಲೆ. ಹುಲ್ಲು ಬೆಳೆದ ಮೈದಾನವನ್ನು ಯಾರೂ ಕಟ್ಟಡದ ಭಾಗ ಅಂತ ನೋಡುವುದೇ ಇಲ್ಲ. ಮೆತ್ತನೆ ನೆಲದಲ್ಲಿ ಸ್ಟೇಡಿಯಂ ಕಟ್ಟುವವರಿಗೆ ನಾನು ಮತ್ತೆ ಮತ್ತೆ ಹೇಳುವುದು ಒಂದೇ. ಪೈಲ್ ಹಾಕಿದ ಭಾಗ ಎಲ್ಲಿ ಮುಗಿಯುತ್ತದೆ, ಬರಿ ಮಣ್ಣಿನ ಮೇಲೆ ಕೂತ ಭಾಗ ಎಲ್ಲಿ ಶುರುವಾಗುತ್ತದೆ, ಆ ಗೆರೆಯನ್ನು ನೋಡಿ. ಮುಕ್ಕಾಲು ಪಾಲು ತೊಂದರೆ ಅಲ್ಲೇ ಕಾಯುತ್ತಾ ಇರುತ್ತದೆ.

ಮೊದಲು ಒಂದು ಲೆಕ್ಕ ಮಾಡೋಣ. 50 ಸಾವಿರ ಜನ, ಒಬ್ಬೊಬ್ಬರು 70 ಕಿಲೋ ಅಂತ ಇಟ್ಟುಕೊಳ್ಳಿ. ಒಟ್ಟು 3,500 ಟನ್. ಇಂಥ ಸ್ಟೇಡಿಯಂ ಸುಮಾರು 40 ಸಾವಿರ ಚದರ ಮೀಟರ್ ನೆಲ ಹಿಡಿಯುತ್ತದೆ ಅನ್ನೋಣ. ಅಷ್ಟು ಜನರನ್ನು ಅಷ್ಟು ಜಾಗದ ಮೇಲೆ ಸಮವಾಗಿ ಹರಡಿದರೆ ಚದರ ಮೀಟರಿಗೆ 90 ಕಿಲೋ ಕೂಡ ಬರುವುದಿಲ್ಲ. ಮಣ್ಣಿನ ಲೆಕ್ಕದಲ್ಲಿ ಅದು ಬರೀ 5 ಸೆಂಟಿಮೀಟರ್ ದಪ್ಪದ ಒಂದು ಪದರ! ತುಂಬಿದ ಸ್ಟೇಡಿಯಂ ಅಂದರೆ ಭೂಮಿಗೆ ಅಷ್ಟೇ ಭಾರ.

ಈಗ ಇನ್ನೊಂದು ಕಡೆ ನೋಡಿ. ಮೆತ್ತನೆ ನೆಲ ಅಂದರೆ ಸಾಮಾನ್ಯವಾಗಿ ತಗ್ಗು ನೆಲ. ನದಿಯ ಬಯಲು, ಕೆರೆಯ ಅಂಗಳ, ಸಮುದ್ರದ ಅಂಚು. ಮಳೆನೀರು ನಿಲ್ಲಬಾರದು ಅಂತ 2 ಮೀಟರ್ ಮಣ್ಣು ತುಂಬಿ ನೆಲವನ್ನು ಎತ್ತರಿಸುತ್ತಾರೆ. ಅದೇ 40 ಸಾವಿರ ಚದರ ಮೀಟರಿಗೆ 2 ಮೀಟರ್ ಮಣ್ಣು ಅಂದರೆ ಹತ್ತಿರ ಹತ್ತಿರ 1,44,000 ಟನ್. ಜನರ ಭಾರದ 40 ಪಟ್ಟು. ಕೆಳಗೆ 20 ಮೀಟರ್ ಮೆತ್ತನೆ ಜೇಡಿ ಇದ್ದರೆ ಈ ಮಣ್ಣಿನ ಭಾರಕ್ಕೇ ನೆಲ ಮುಕ್ಕಾಲು ಮೀಟರ್ ಇಳಿಯಬಹುದು, ಇನ್ನೂ ಒಂದು ಕಂಬ ಕೂಡ ಎದ್ದಿರುವುದಿಲ್ಲ. ಅಂದರೆ ಇಡೀ ಯೋಜನೆಯಲ್ಲಿ ಅತಿ ಭಾರದ ವಸ್ತು ನಾವು ಸುಮ್ನೆ ಲಾರಿಯಲ್ಲಿ ತಂದು ಸುರಿಯುವ ಮಣ್ಣು. ಡ್ರಾಯಿಂಗಿನಲ್ಲಿ ಅದಕ್ಕೆ ಒಂದು ಗೆರೆ, ಒಂದು ಮಟ್ಟದ ಅಂಕಿ, ಅಷ್ಟೇ.

ಭಾರ ತಪ್ಪಿಸಿಕೊಳ್ಳೋಕೆ ಅತಿ ಒಳ್ಳೆಯ ದಾರಿ ಬೇರೆ ಜಾಗ ಹುಡುಕುವುದು. ಇದನ್ನು ಹೇಳಲು ನಾಚಿಕೆ ಬೇಡ. ಮೆಕ್ಸಿಕೋ ಸಿಟಿಯನ್ನೇ ನೋಡಿ. ಆ ನಗರದ ನಡುಭಾಗ ಹಳೆಯ ಸರೋವರದ ಜೇಡಿ ಮೇಲೆ ಕೂತಿದೆ. ಆ ಜೇಡಿಯಲ್ಲಿ ಮಣ್ಣಿನ ಕಣಗಳ ತೂಕಕ್ಕಿಂತ ನೀರಿನ ತೂಕ 3-4 ಪಟ್ಟು ಜಾಸ್ತಿ ಇರುವುದುಂಟು. ಅಲ್ಲಿನ ಪ್ರಸಿದ್ಧ ಕಲಾಭವನ, ಬೆಯಾಸ್ ಆರ್ಟೆಸ್ ಅರಮನೆ, ಮೀಟರ್‌ಗಟ್ಟಲೆ ನೆಲಕ್ಕೆ ಇಳಿದಿದೆ. ಆದರೆ ಅದೇ ನಗರದ ಎರಡು ದೊಡ್ಡ ಸ್ಟೇಡಿಯಂಗಳು, 1952ರ ವಿಶ್ವವಿದ್ಯಾಲಯದ ಒಲಿಂಪಿಕ್ ಸ್ಟೇಡಿಯಂ ಮತ್ತು 1966ರ ಅಸ್ಟೆಕಾ, ದಕ್ಷಿಣದ ಲಾವಾ ಕಲ್ಲಿನ ನೆಲದ ಮೇಲಿವೆ. 1985ರ ಸೆಪ್ಟೆಂಬರ್ 19ರಂದು 350 ಕಿಲೋಮೀಟರಿಗಿಂತ ದೂರದಲ್ಲಿ ಭೂಕಂಪ ಆಯಿತು. ವಿಶ್ವವಿದ್ಯಾಲಯದ ಲಾವಾ ನೆಲದ ಮೇಲಿದ್ದ ಯಂತ್ರ ತೋರಿಸಿದ ಅಲುಗಾಟಕ್ಕಿಂತ ಸರೋವರದ ಜೇಡಿಯ ಮೇಲಿದ್ದ ಯಂತ್ರ ತೋರಿಸಿದ್ದು ಸುಮಾರು 5 ಪಟ್ಟು ಜಾಸ್ತಿ. ಒಂದೇ ಊರು, ಒಂದೇ ಭೂಕಂಪ. ನೆಲ ಮಾತ್ರ ಬೇರೆ.

ಆದರೆ ಯಾವಾಗಲೂ ಆಯ್ಕೆ ಇರುವುದಿಲ್ಲ. 50 ಸಾವಿರ ಜನ ಬಂದು ಹೋಗಲು ರೈಲು ಬೇಕು, ರಸ್ತೆ ಬೇಕು. ಅಷ್ಟು ದೊಡ್ಡ ಖಾಲಿ ಜಾಗ ನಗರದ ಹತ್ತಿರ ಉಳಿದಿದ್ದರೆ, ಅದು ಯಾಕೆ ಉಳಿದಿದೆ? ಅಲ್ಲಿ ನೆಲ ಚೆನ್ನಾಗಿಲ್ಲ, ಹಿಂದಿನವರು ಯಾರೂ ಕಟ್ಟಲಿಲ್ಲ, ಅದಕ್ಕೇ. ಸಿಂಗಾಪುರದ ರಾಷ್ಟ್ರೀಯ ಸ್ಟೇಡಿಯಂ ಇರುವ ಕಲ್ಲಾಂಗ್ ಪ್ರದೇಶ ಸಮುದ್ರದ ಜೇಡಿಗೆ ಎಷ್ಟು ಹೆಸರಾಗಿದೆ ಅಂದರೆ, ಆ ಮಣ್ಣಿನ ಪದರಕ್ಕೇ ಆ ಜಾಗದ ಹೆಸರಿಟ್ಟಿದ್ದಾರೆ. ಸಿಯಾಟಲ್‌ನ ಫುಟ್‌ಬಾಲ್ ಸ್ಟೇಡಿಯಂ ಇರುವುದು ಒಂದು ಕಾಲಕ್ಕೆ ಭರತ ಇಳಿತದ ನೀರು ಆಡುತ್ತಿದ್ದ ಕೆಸರು ಬಯಲಿನ ಮೇಲೆ.

ಸರಿ, ಆ ಕೆಸರು ಅಂದರೆ ಏನು ಅಂತ ಹತ್ತಿರದಿಂದ ನೋಡೋಣ. ಬೋರ್‌ಹೋಲಿನಿಂದ ಬಂದ ತೆಳು ಗೋಡೆಯ ಉಕ್ಕಿನ ಕೊಳವೆಯನ್ನು ಲ್ಯಾಬಿನ ಮೇಜಿನ ಮೇಲೆ ಮಲಗಿಸಿ, ಹಿಂದಿನಿಂದ ಜಾಕ್ ಕೊಟ್ಟು ತಳ್ಳುತ್ತೇವೆ. ಬೂದು ನೀಲಿ ಬಣ್ಣದ ಉರುಳೆ ನಿಧಾನ ಹೊರಗೆ ಬರುತ್ತದೆ. ಹೆಬ್ಬೆರಳು ಒತ್ತಿದರೆ ಸಲೀಸಾಗಿ ಒಳಗೆ ಹೋಗುತ್ತದೆ, ಬೆರಳ ಗೆರೆ ಕೂಡ ಅದರ ಮೇಲೆ ಅಚ್ಚಾಗುತ್ತದೆ. ಅಲ್ಲಲ್ಲಿ ಚಿಪ್ಪಿನ ಚೂರು. ತೆಳು ತಂತಿಯಿಂದ ಕತ್ತರಿಸಿ 100 ಗ್ರಾಂ ತೂಗಿ ಓವನ್‌ನಲ್ಲಿ ಒಂದು ದಿನ ಒಣಗಿಸಿದರೆ ಉಳಿಯುವುದು 55 ಗ್ರಾಂ. ಉಳಿದ 45 ಗ್ರಾಂ ನೀರು. ಗಟ್ಟಿ ಅನ್ನಿಸುವ ಆ ತುಂಡಿನಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ. ನಾವು ಸ್ಟೇಡಿಯಂ ಕಟ್ಟುವುದು ಅದರ ಮೇಲೆ. ಈ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಆ ತುಂಡನ್ನು ಕೈಗೆ ಕೊಡುತ್ತೇನೆ, ಕಂಪ್ಯೂಟರ್ ಆಮೇಲೆ.

ಭಾರ ಬಿದ್ದಾಗ ಕೂರುವುದು ಕಣಗಳಲ್ಲ, ಹೊರಗೆ ಹೋಗುವ ನೀರಿನ ಜಾಗ. ಮಣ್ಣಿನ ಎಂಜಿನಿಯರ್ ಕಾರ್ಲ್ ಟೆರ್ಜಾಗಿ 1925ರಲ್ಲಿ ಪುಸ್ತಕವಾಗಿ ಬರೆದ ವಿಚಾರದ ತಿರುಳು ಇದು. ಒಂದು ಸಿಲಿಂಡರ್ ಕಲ್ಪಿಸಿಕೊಳ್ಳಿ. ಒಳಗೆ ಸ್ಪ್ರಿಂಗ್, ಸುತ್ತ ನೀರು, ಮೇಲೆ ಪಿಸ್ಟನ್, ಪಿಸ್ಟನ್ನಿನಲ್ಲಿ ಒಂದು ಸೂಜಿ ತೂತು. ಮೇಲೆ ಭಾರ ಇಟ್ಟ ಕ್ಷಣ ಸ್ಪ್ರಿಂಗಿಗೆ ಏನೂ ಗೊತ್ತಾಗುವುದಿಲ್ಲ. ಇಡೀ ಭಾರವನ್ನು ನೀರೇ ಹೊರುತ್ತದೆ. ತೂತಿನಿಂದ ನೀರು ಹನಿ ಹನಿಯಾಗಿ ಹೋದ ಹಾಗೆ ಪಿಸ್ಟನ್ ಇಳಿಯುತ್ತದೆ, ಸ್ಪ್ರಿಂಗ್ ಸ್ವಲ್ಪ ಸ್ವಲ್ಪ ಭಾರ ವಹಿಸಿಕೊಳ್ಳುತ್ತದೆ. ಸ್ಪ್ರಿಂಗ್ ಅಂದರೆ ಮಣ್ಣಿನ ಕಣಗಳ ಜೋಡಣೆ, ತೂತು ಅಂದರೆ ಜೇಡಿಯ ಸೂಕ್ಷ್ಮ ರಂಧ್ರಗಳು. ಜೇಡಿಗೆ ಬಲ ಬರುವುದು ಕಣಗಳು ಭಾರ ಹೊತ್ತ ಮೇಲೆ ಮಾತ್ರ. ಅಲ್ಲಿವರೆಗೆ ನಾವು ಇಟ್ಟ ಭಾರ ನೀರಿನ ಮೇಲೆ ಇಟ್ಟ ಭಾರ.

ಎಷ್ಟು ಕಾಲ ಬೇಕು? ಇಲ್ಲಿ ಒಂದು ಗಟ್ಟಿ ನಿಯಮ ಇದೆ. ನೀರು ಹೊರಬರಲು ಹೋಗಬೇಕಾದ ದೂರ ಇಮ್ಮಡಿಯಾದರೆ ಕಾಲ ನಾಲ್ಕು ಪಟ್ಟಾಗುತ್ತದೆ. 20 ಮೀಟರ್ ದಪ್ಪದ ಜೇಡಿ, ಮೇಲೂ ಕೆಳಗೂ ಮರಳು ಇದ್ದರೆ ನೀರು ಹೋಗಬೇಕಾದ ಗರಿಷ್ಠ ದೂರ 10 ಮೀಟರ್. ಸಾಧಾರಣ ಜೇಡಿಗೆ ಲೆಕ್ಕ ಹಾಕಿದರೆ ಒಟ್ಟು ಇಳಿತದಲ್ಲಿ ನೂರಕ್ಕೆ 90 ಪಾಲು ಇಳಿಯಲು 85 ವರ್ಷ. ಹೌದು, 85! ಅಷ್ಟು ದಿನ ಯಾರು ಕಾಯುತ್ತಾರೆ? ಆದ್ದರಿಂದ ನಾವು ದೂರವನ್ನೇ ಕಡಿಮೆ ಮಾಡುತ್ತೇವೆ. ಅಂಗೈ ಅಗಲದ ಪ್ಲಾಸ್ಟಿಕ್ ಪಟ್ಟಿ, ಸುತ್ತ ನೀರು ಸೋಸುವ ಬಟ್ಟೆ. ಇದಕ್ಕೆ ವರ್ಟಿಕಲ್ ಡ್ರೈನ್ ಅನ್ನುತ್ತಾರೆ. ಉಕ್ಕಿನ ಕೊಳವೆಯ ಒಳಗೆ ಪಟ್ಟಿ ಇಟ್ಟು ಜೇಡಿಯ ತಳದವರೆಗೆ ಚುಚ್ಚಿ, ಕೊಳವೆ ಮಾತ್ರ ಹೊರಗೆ ಎಳೆದುಕೊಳ್ಳುತ್ತಾರೆ. ಒಂದೂಕಾಲು ಮೀಟರಿಗೊಂದರಂತೆ ಇಡೀ ಜಾಗಕ್ಕೆ ಚುಚ್ಚಿದರೆ ನೀರಿನ ಯಾವ ಹನಿಯೂ ಒಂದು ಮೀಟರಿಗಿಂತ ಜಾಸ್ತಿ ನಡೆಯಬೇಕಾಗಿಲ್ಲ. 85 ವರ್ಷದ ಕೆಲಸ ಹೆಚ್ಚು ಕಡಿಮೆ ಒಂದು ವರ್ಷಕ್ಕೆ ಇಳಿಯುತ್ತದೆ. ನನ್ನ ವೃತ್ತಿಯಲ್ಲಿ ಇದಕ್ಕಿಂತ ಸುಂದರವಾದ ಉಪಾಯ ನಾನು ನೋಡಿಲ್ಲ.

ಡ್ರೈನ್ ಚುಚ್ಚಿದ ಮೇಲೆ ನೆಲದ ಮೇಲೆ ಬೇಕಾದ್ದಕ್ಕಿಂತ ಜಾಸ್ತಿ ಮಣ್ಣು ಹೇರಿ ಬಿಡುತ್ತಾರೆ. ನಾಳೆ ಬರುವ ಭಾರವನ್ನು ಇವತ್ತೇ ಹೊರಿಸಿ, ಇಳಿಯುವುದೆಲ್ಲ ಈಗಲೇ ಇಳಿಯಲಿ ಅಂತ. ಆದರೆ ಅವಸರ ಮಾಡುವ ಹಾಗಿಲ್ಲ. 15 ಕಿಲೋಪಾಸ್ಕಲ್, ಅಂದರೆ ಚದರ ಮೀಟರಿಗೆ ಸುಮಾರು ಒಂದೂವರೆ ಟನ್ ಬಲದ ಜೇಡಿ ಮೇಲೆ ಒಂದೇ ಸಲಕ್ಕೆ ನಾಲ್ಕೂಕಾಲು ಮೀಟರ್ ಮಣ್ಣು ಏರಿಸಿದರೆ ಅದು ಕೂರುವುದಿಲ್ಲ, ಪಕ್ಕಕ್ಕೆ ಜಾರಿ ಉಬ್ಬುತ್ತದೆ. ಅದಕ್ಕೇ ಮೀಟರ್ ಮೀಟರಾಗಿ ಹೇರಿ, ಒಳಗಿನ ನೀರಿನ ಒತ್ತಡ ಪೀಜೋಮೀಟರಿನಲ್ಲಿ ಇಳಿದದ್ದು ನೋಡಿಕೊಂಡು ಮುಂದಿನ ಪದರ ಹಾಕಬೇಕು. ಪ್ರತಿ ಪದರಕ್ಕೂ ಜೇಡಿ ಸ್ವಲ್ಪ ಗಟ್ಟಿಯಾಗಿರುತ್ತದೆ, ಮುಂದಿನದನ್ನು ತಡೆದುಕೊಳ್ಳುತ್ತದೆ.

ಇದು ಗೊತ್ತಿಲ್ಲದೆ ನಡೆದ ಒಂದು ದೊಡ್ಡ ಪ್ರಯೋಗ ಪೀಸಾದ ಗೋಪುರ. 1173ರಲ್ಲಿ ಶುರುವಾಯಿತು. ಕೆಲವು ಅಂತಸ್ತು ಏರುತ್ತಲೇ ಕೆಲಸ ನಿಂತು, ಮತ್ತೆ ಶುರುವಾದದ್ದು ಹತ್ತಿರ ಹತ್ತಿರ ನೂರು ವರ್ಷದ ಮೇಲೆ. ಮಧ್ಯೆ ಇನ್ನೊಮ್ಮೆಯೂ ನಿಂತು, ಮುಗಿದದ್ದು 1370ರ ಸುಮಾರಿಗೆ. ಆ ನಿಲುಗಡೆಗಳೇ ಅದನ್ನು ಉಳಿಸಿದ್ದು. ಒಂದೇ ಉಸಿರಿಗೆ ಕಟ್ಟಿದ್ದರೆ ಕೆಳಗಿನ ಜೇಡಿ ಸೋತು ಗೋಪುರ ಅವತ್ತೇ ಉರುಳುತ್ತಿತ್ತು ಅನ್ನುವುದು ಇವತ್ತಿನ ಲೆಕ್ಕ. 1990ರಲ್ಲಿ ಅದನ್ನು ಮುಚ್ಚಿದರು. ಮೇಲೆದ್ದ ಬದಿಯ ಕೆಳಗಿಂದ ಸ್ವಲ್ಪ ಸ್ವಲ್ಪವೇ ಮಣ್ಣು ತೆಗೆದು, ತುದಿಯನ್ನು ಸುಮಾರು 45 ಸೆಂಟಿಮೀಟರ್ ಹಿಂದಕ್ಕೆ ತಂದು 2001ರಲ್ಲಿ ಮತ್ತೆ ತೆರೆದರು. ನೆಲವನ್ನು ಸರಿಪಡಿಸಿಯೇ ಗೋಪುರವನ್ನು ಹಿಂದಕ್ಕೆ ತಂದರು, ನೋಡಿ!

ಈಗ ಪೈಲ್ ವಿಷಯ. ಮೆತ್ತನೆ ಪದರ ದಾಟಿ ಕೆಳಗಿನ ಗಟ್ಟಿ ಪದರಕ್ಕೆ ಕಾಲು ಇಳಿಬಿಡುವುದು ಹಳೆಯ ಬುದ್ಧಿ. ಆಮ್‌ಸ್ಟರ್‌ಡ್ಯಾಮಿನ ಡ್ಯಾಮ್ ಚೌಕದ ಅರಮನೆ 17ನೇ ಶತಮಾನದ್ದು, 13,659 ಮರದ ಕಂಬಗಳ ಮೇಲೆ ನಿಂತಿದೆ. ಇವತ್ತು ಮರದ ಬದಲು ಕಾಂಕ್ರೀಟ್, ಉಕ್ಕು. ಲಂಡನ್ನಿನ ಹೊಸ ವೆಂಬ್ಲಿ ಸ್ಟೇಡಿಯಂನ ಕೆಳಗೆ ಸುಮಾರು 4,000 ಪೈಲುಗಳಿವೆ, ಅತಿ ಆಳದ್ದು 35 ಮೀಟರ್.

ಪೈಲ್ ಹಾಕಿದರೆ ಮುಗಿಯಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲಿಂದಲೇ ಹೊಸ ಸಮಸ್ಯೆ ಶುರು. ಸುತ್ತ 2 ಮೀಟರ್ ಮಣ್ಣು ತುಂಬಿದ್ದೇವೆ, ಅಲ್ವಾ? ಜೇಡಿ ಇಳಿಯುತ್ತಾ ಇದೆ. ಪೈಲ್ ಇಳಿಯುತ್ತಿಲ್ಲ. ಇಳಿಯುವ ಜೇಡಿ ಪೈಲಿನ ಮೈಗೆ ಅಂಟಿಕೊಂಡು ಅದನ್ನೂ ಕೆಳಕ್ಕೆ ಎಳೆಯುತ್ತದೆ. ಒಂದು ಮೀಟರ್ ವ್ಯಾಸದ ಪೈಲ್, 20 ಮೀಟರ್ ಜೇಡಿ, ಚದರ ಮೀಟರಿಗೆ ಒಂದೂವರೆ ಟನ್ ಅಂಟು. ಗುಣಿಸಿದರೆ ಸುಮಾರು 95 ಟನ್. ಹೊರಲು ಅಂತ ನಿಲ್ಲಿಸಿದ ಪೈಲಿಗೆ ಮಣ್ಣೇ 95 ಟನ್ ಭಾರ ಆಗಿ ಕೂತಿತು. ಮೇಲೆ ಇನ್ನೂ ಕಟ್ಟಡ ಬಂದಿಲ್ಲ! ಮೊದಲು ಡ್ರೈನ್ ಹಾಕಿ, ಮಣ್ಣು ಹೇರಿ, ನೆಲ ಕೂತ ಮೇಲೆ ಪೈಲ್ ಹಾಕಿದರೆ ಈ ಎಳೆತದ ಬಹುಪಾಲು ಇಲ್ಲವಾಗುತ್ತದೆ. ಆದರೆ ಕಾಮಗಾರಿಯ ವೇಳಾಪಟ್ಟಿಯಲ್ಲಿ ಮೊದಲು ಕತ್ತರಿ ಬೀಳುವುದೇ ಆ ಕಾಯುವ ಒಂದು ವರ್ಷಕ್ಕೆ. ಇದರ ಬಗ್ಗೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಮೇಲೆ ಹಸಿರು ಹುಲ್ಲು ಬೆಳೆದ ಮಣ್ಣಿನ ರಾಶಿ ಸುಮ್ನೆ ಬಿದ್ದಿರುವಂತೆ ಕಾಣುತ್ತದೆ, ಕೆಲಸ ನಿಂತಿದೆ ಅಂತ ನೋಡಿದವರು ಕೇಳುತ್ತಾರೆ. ಆ ರಾಶಿ ಹಗಲು ರಾತ್ರಿ ಕೆಲಸ ಮಾಡುತ್ತಾ ಇರುತ್ತದೆ.

ನಾನು ಕಂಡ ಒಂದು ಸ್ಟೇಡಿಯಂ ವಿಷಯ ಹೇಳುತ್ತೇನೆ. ಗ್ಯಾಲರಿ ಪೂರ್ತಿ ಪೈಲ್ ಮೇಲೆ, ಲೆಕ್ಕ ಎಲ್ಲ ಸರಿ, ಎಲ್ಲೂ ಒಂದು ಬಿರುಕಿಲ್ಲ. ಹೊರಗಿನ ಅಂಗಳ, ಅಂದರೆ ಜನ ಬಂದು ಸಾಲು ನಿಲ್ಲುವ ಜಾಗ, ತುಂಬಿದ ಮಣ್ಣಿನ ಮೇಲೆ. ಎರಡು ವರ್ಷದ ಮೇಲೆ ನಾನು ಹೋದಾಗ ಗೇಟಿನ ಬುಡದಲ್ಲಿ 14 ಸೆಂಟಿಮೀಟರ್ ಎತ್ತರದ ಮೆಟ್ಟಿಲು. ಡ್ರಾಯಿಂಗಿನಲ್ಲಿ ಅಲ್ಲಿ ಮೆಟ್ಟಿಲೇ ಇಲ್ಲ. ಕಟ್ಟಡ ನಿಂತಲ್ಲೇ ನಿಂತಿದೆ, ಅಂಗಳ ಇಳಿದಿದೆ. ವೀಲ್‌ಚೇರಿನಲ್ಲಿ ಬಂದವರೊಬ್ಬರು ಅದರ ಮುಂದೆ ನಿಂತಿದ್ದರು, ಇಬ್ಬರು ಹುಡುಗರು ಗಾಡಿ ಎತ್ತಿ ಒಳಗೆ ಇಟ್ಟರು. ಅದನ್ನು ನೋಡಿ ನನಗೆ ತುಂಬಾ ಬೇಜಾರಾಯಿತು. ಕೆಳಗೆ ಇನ್ನೂ ಕೆಟ್ಟದ್ದಿತ್ತು. ಶೌಚಾಲಯಗಳ ಒಳಚರಂಡಿ ಪೈಪು ಪೈಲ್ ಕ್ಯಾಪಿನ, ಅಂದರೆ ಪೈಲುಗಳ ತಲೆಗೆ ಕೂರಿಸಿದ ಕಾಂಕ್ರೀಟ್ ದಿಮ್ಮಿಯ, ಅಂಚು ದಾಟಿ ಮಣ್ಣಿಗೆ ಇಳಿಯುವ ಕಡೆ ಚಾಕುವಿನಿಂದ ಕುಯ್ದ ಹಾಗೆ ಮುರಿದಿತ್ತು. ಸೋರಿದ ನೀರು ಮಣ್ಣನ್ನು ತೊಳೆದುಕೊಂಡು ಹೋಗಿ, ನೆಲದ ಚಪ್ಪಡಿಯ ಕೆಳಗೆ ಕೈ ಹಾಕುವಷ್ಟು ಟೊಳ್ಳು. ಗ್ಯಾಲರಿಗೆ ಪೈಲ್ ಡಿಸೈನ್ ಮಾಡಿದವರು ಒಬ್ಬರು, ಅಂಗಳ ಮಾಡಿದವರು ಇನ್ನೊಬ್ಬರು, ಪೈಪಿನವರು ಮತ್ತೊಬ್ಬರು. ಆ ಗೆರೆ ಯಾರದ್ದೂ ಆಗಿರಲಿಲ್ಲ.

ಇದಕ್ಕೆ ಮದ್ದು ಕಷ್ಟದ್ದೇನಲ್ಲ. ಒಂದು ತುದಿ ಕಟ್ಟಡಕ್ಕೆ ಕೀಲಿನ ಹಾಗೆ ಕೂತು, ಇನ್ನೊಂದು ತುದಿ ಮಣ್ಣಿನ ಮೇಲೆ ಮಲಗಿದ 6-8 ಮೀಟರ್ ಉದ್ದದ ಕಾಂಕ್ರೀಟ್ ಚಪ್ಪಡಿ ಹಾಕಿದರೆ, ಇಳಿತ ಮೆಟ್ಟಿಲಾಗುವುದಿಲ್ಲ, ಸಣ್ಣ ಇಳಿಜಾರಾಗುತ್ತದೆ. ಪೈಪುಗಳನ್ನು ಮಣ್ಣಿನಲ್ಲಿ ಹೂಳದೆ ಚಪ್ಪಡಿಗೇ ತೂಗುಹಾಕಿ, ಹೊರಗೆ ಹೋಗುವ ಕಡೆ ಬಾಗುವ ಜೋಡಣೆ ಕೊಡಬೇಕು. ಪೈಲುಗಳ ಉದ್ದವನ್ನು ಅಂಚಿನ ಕಡೆಗೆ ಹಂತ ಹಂತವಾಗಿ ಕಡಿಮೆ ಮಾಡುತ್ತಾ ಹೋಗುವುದೂ ಒಂದು ದಾರಿ. ಇಲ್ಲವೇ ತುಂಬುವ ಮಣ್ಣನ್ನೇ ಹಗುರ ಮಾಡಿ. ದೊಡ್ಡ ದೊಡ್ಡ ಥರ್ಮೋಕೋಲ್ ಬ್ಲಾಕುಗಳು ಮಣ್ಣಿನ ತೂಕದ ನೂರನೇ ಒಂದು ಪಾಲು ಮಾತ್ರ. ನಾರ್ವೆಯಲ್ಲಿ 1972ರಿಂದಲೇ ಅದರ ಮೇಲೆ ರಸ್ತೆ ಕಟ್ಟಿದ್ದಾರೆ. ನೆರೆ ಬಂದರೆ ತೇಲುತ್ತದೆ, ಪೆಟ್ರೋಲ್ ಬಿದ್ದರೆ ಕರಗುತ್ತದೆ, ಅಷ್ಟು ನೆನಪಿಟ್ಟುಕೊಂಡರೆ ಸಾಕು.

ನಿಜ ಹೇಳಬೇಕೆಂದರೆ ಕಟ್ಟಡ ಇಳಿಯುವುದಕ್ಕೆ ನಾನು ಹೆದರುವುದಿಲ್ಲ. ಎಲ್ಲ ಕಡೆ ಒಂದೇ ಸಮನೆ 10 ಸೆಂಟಿಮೀಟರ್ ಇಳಿದರೆ ಗ್ಯಾಲರಿಗೆ ಏನೂ ಆಗುವುದಿಲ್ಲ. ಪಕ್ಕಪಕ್ಕದ ಎರಡು ಕಂಬಗಳಲ್ಲಿ ಒಂದು ಇಳಿದು ಇನ್ನೊಂದು ನಿಂತರೆ ಕಷ್ಟ. ಸಾಮಾನ್ಯವಾಗಿ ಬಿರುಕು ಬೇಡ ಅಂದರೆ ದೂರದ 500ರಲ್ಲಿ ಒಂದು ಪಾಲಿಗಿಂತ ಜಾಸ್ತಿ ವ್ಯತ್ಯಾಸ ಬರಬಾರದು. ಕಂಬಗಳ ನಡುವೆ 8 ಮೀಟರ್ ಇದ್ದರೆ 16 ಮಿಲಿಮೀಟರ್. ಒಂದು ಬೆರಳಿನ ಅಗಲ. ಸ್ಟೇಡಿಯಂನ ಸುತ್ತಳತೆ 700-800 ಮೀಟರ್ ಇರುತ್ತದೆ. ಅಷ್ಟು ಉದ್ದಕ್ಕೂ ಕೆಳಗಿನ ನೆಲ ಒಂದೇ ಥರ ಇರುವುದು ಸಾಧ್ಯವೇ ಇಲ್ಲ.

ಒಂದು ಸೈಟಿನಲ್ಲಿ 60 ಮೀಟರ್ ಅಂತರದ ಎರಡು ಬೋರ್‌ಹೋಲ್. ಒಂದರಲ್ಲಿ ಜೇಡಿ 9 ಮೀಟರ್, ಪಕ್ಕದ್ದರಲ್ಲಿ 21. ಬೋರ್ ಹೊಡೆದವರ ತಪ್ಪು ಅಂದುಕೊಂಡೆವು. ಮತ್ತೆ ಹೊಡೆಸಿದರೂ ಅಷ್ಟೇ. ಕೊನೆಗೆ ಹಳೆಯ ನಕ್ಷೆ ತೆಗೆದು ನೋಡಿದರೆ, ಒಂದು ಕಾಲದಲ್ಲಿ ಅಲ್ಲಿ ಹಳ್ಳ ಹರಿಯುತ್ತಿತ್ತು. ಹಳ್ಳ ದಿಕ್ಕು ಬದಲಿಸಿದ ಮೇಲೆ ಆ ಗುಂಡಿಯಲ್ಲಿ ಕೆಸರು ತುಂಬಿಕೊಂಡಿದೆ. ಅದು ಸರಿಯಾಗಿ ಉತ್ತರದ ಗ್ಯಾಲರಿಯ ಕೆಳಗೆ ಅಡ್ಡ ಹೋಗುತ್ತಿತ್ತು. ಆಗ ನಾವು ಇನ್ನೂ ಹತ್ತಾರು ಕಡೆ ಕೋನ್, ಅಂದರೆ ಚೂಪು ತುದಿಯ ಸಲಾಕೆ, ಚುಚ್ಚಿ ಪರೀಕ್ಷೆ ಮಾಡಿ, ಹಳ್ಳದ ಎರಡು ದಡ ಗುರುತಿಸಿ, ಗ್ಯಾಲರಿಯ ಜಾಯಿಂಟನ್ನು ಆ ದಡದ ಮೇಲೆ ಬರುವ ಹಾಗೆ ಸರಿಸಿದೆವು. ಹೇಗೂ ಬಿಸಿಲಿಗೆ ಹಿಗ್ಗಲು ಕುಗ್ಗಲು ಅಂತ ಕಾಂಕ್ರೀಟ್ ಬಟ್ಟಲನ್ನು 50-60 ಮೀಟರಿಗೊಂದು ಕಡೆ ಕತ್ತರಿಸಲೇಬೇಕು. ಆ ಕತ್ತರಿಯನ್ನು ನೆಲ ಎಲ್ಲಿ ಬದಲಾಗುತ್ತದೋ ಅಲ್ಲಿ ಹಾಕಿದರೆ ಒಂದೇ ಕಲ್ಲಿಗೆ ಎರಡು ಹಣ್ಣು.

ಚಾವಣಿಗೂ ನೆಲಕ್ಕೂ ಏನು ಸಂಬಂಧ ಅಂತ ಕೇಳುತ್ತಾರೆ. ತುಂಬಾ ಇದೆ. ಕಮಾನು ಕಟ್ಟಿದರೆ ಅದು ಬುಡವನ್ನು ಹೊರಕ್ಕೆ ತಳ್ಳುತ್ತದೆ. ಬಂಡೆ ಇದ್ದರೆ ತಡೆಯುತ್ತದೆ, ಕೆಸರು ತಡೆಯುವುದಿಲ್ಲ. ಮುಂದಕ್ಕೆ ಚಾಚಿದ ಚಾವಣಿಯಾದರೆ ಹಿಂದಿನ ಕಂಬ ಮೇಲಕ್ಕೆ ಕಿತ್ತುಕೊಳ್ಳುತ್ತದೆ, ಗಾಳಿ ಚಾವಣಿಯನ್ನು ಮೇಲಿನಿಂದ ಒತ್ತಿದಾಗ ಇನ್ನೂ ಜಾಸ್ತಿ. ಅಲ್ಲಿ ಪೈಲ್ ಒತ್ತುವುದಿಲ್ಲ, ನೆಲವನ್ನು ಹಿಡಿದು ಎಳೆಯುತ್ತದೆ. ಮೆತ್ತನೆ ನೆಲಕ್ಕೆ ನನಗೆ ಇಷ್ಟವಾದದ್ದು ಸೈಕಲ್ ಚಕ್ರದ ಥರದ ಚಾವಣಿ. ಹೊರಗೆ ಒತ್ತಡದ ರಿಂಗ್, ಒಳಗೆ ಎಳೆತದ ರಿಂಗ್, ನಡುವೆ ಕಡ್ಡಿಗಳ ಹಾಗೆ ಕೇಬಲ್. ತಳ್ಳಾಟ ಎಳೆದಾಟ ಎಲ್ಲ ಚಕ್ರದ ಒಳಗೇ ಮುಗಿಯುತ್ತದೆ, ಕಂಬಕ್ಕೆ ಬರುವುದು ಮುಖ್ಯವಾಗಿ ನೇರ ಭಾರ. ಲಂಡನ್ನಿನ 2012ರ ಒಲಿಂಪಿಕ್ ಸ್ಟೇಡಿಯಂ ಇದಕ್ಕೆ ಚೆಂದದ ಉದಾಹರಣೆ. 80 ಸಾವಿರ ಸೀಟಿನಲ್ಲಿ 25 ಸಾವಿರ ನೆಲದೊಳಗೆ ತೋಡಿದ ಬಟ್ಟಲಿನಲ್ಲಿ, ಉಳಿದದ್ದು ಹಗುರ ಉಕ್ಕಿನ ಮೇಲೆ. ಚಾವಣಿಯ ರಿಂಗಿಗೆ ಗ್ಯಾಸ್ ಪೈಪ್‌ಲೈನಿಗೆ ಅಂತ ಮಾಡಿ ಮಿಕ್ಕಿದ್ದ ಕೊಳವೆಗಳನ್ನು ಬಳಸಿದರು. ಒಟ್ಟು ಉಕ್ಕು ಸುಮಾರು 10 ಸಾವಿರ ಟನ್. ಬೀಜಿಂಗಿನ ‘ಹಕ್ಕಿಗೂಡು’ ಒಲಿಂಪಿಕ್ ಸ್ಟೇಡಿಯಂಗೆ 42 ಸಾವಿರ ಟನ್ ಹಿಡಿದಿತ್ತು.

ಈಗ ಮತ್ತೆ ಉಲ್ಲೇವಿಗೆ ಬರೋಣ. ಜನರ ಭಾರ 5 ಸೆಂಟಿಮೀಟರ್ ಮಣ್ಣು ಅಂದೆ, ಹಾಗಾದರೆ ಅಷ್ಟು ಹಾನಿ ಹೇಗಾಯಿತು? ಭಾರದಿಂದಲ್ಲ, ತಾಳದಿಂದ. ನಿಮಿಷಕ್ಕೆ 120 ತಾಳದ ಹಾಡು ಅಂದರೆ ಸೆಕೆಂಡಿಗೆ 2 ಸಲ ಎಗರುವುದು. ಜೇಡಿಯ ದಪ್ಪ ಪದರಕ್ಕೂ ತನ್ನದೇ ಒಂದು ತೂಗಾಟ ಇರುತ್ತದೆ, ಅದು ಕೂಡ ಸೆಕೆಂಡಿಗೆ ಒಂದೆರಡು ಸಲದ ಆಸುಪಾಸಿಗೆ ಬರಬಹುದು. ಎರಡೂ ಹತ್ತಿರ ಬಂದರೆ ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ, ಸಣ್ಣ ಸಣ್ಣ ತಳ್ಳಾಟ ಕೂಡಿ ದೊಡ್ಡದಾಗುತ್ತದೆ. ಸಿಯಾಟಲ್‌ನಲ್ಲಿ 2011ರ ಜನವರಿ 8ರಂದು ಅಮೆರಿಕನ್ ಫುಟ್‌ಬಾಲ್ ಆಟದ ಒಂದೇ ಓಟಕ್ಕೆ ಜನ ಕುಣಿದದ್ದು ಪಕ್ಕದ ಭೂಕಂಪ ಮಾಪಕದಲ್ಲಿ ಚೆನ್ನಾಗಿ ದಾಖಲಾಯಿತು. ಗಟ್ಟಿ ಬಂಡೆಯ ಮೇಲಾಗಿದ್ದರೆ ಅಷ್ಟು ಕಾಣುತ್ತಿರಲಿಲ್ಲ. ಅದಕ್ಕೇ ಈಗ ಯಾರಾದರೂ ಮೆತ್ತನೆ ನೆಲದ ಸ್ಟೇಡಿಯಂನಲ್ಲಿ ಸಂಗೀತ ಕಾರ್ಯಕ್ರಮ ಅಂದರೆ ನಾನು ಮೊದಲು ಕೇಳುವುದು, ಮೈದಾನದಲ್ಲಿ ಎಷ್ಟು ಜನ ನಿಲ್ಲುತ್ತಾರೆ ಅಂತ. ಗ್ಯಾಲರಿ ಲೆಕ್ಕ ಎಲ್ಲರೂ ಮಾಡಿರುತ್ತಾರೆ.

ಭೂಕಂಪದ ವಿಷಯಕ್ಕೆ ಒಂದೇ ಉದಾಹರಣೆ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್, 2011ರ ಫೆಬ್ರವರಿ 22. ಅಲ್ಲಿನ ಲ್ಯಾಂಕಾಸ್ಟರ್ ಪಾರ್ಕ್ ಸ್ಟೇಡಿಯಂನ ಕೆಳಗಿನ ನೀರು ತುಂಬಿದ ಸಡಿಲ ಮರಳು ದ್ರವದ ಹಾಗಾಯಿತು. ಮೈದಾನದಲ್ಲಿ ಕೆಸರು ಉಕ್ಕಿತು, ಗ್ಯಾಲರಿಗಳು ಒಂದೊಂದು ಕಡೆ ಒಂದೊಂದು ಥರ ಇಳಿದವು. ಅದೇ ವರ್ಷ ಅಲ್ಲಿ ನಡೆಯಬೇಕಿದ್ದ ರಗ್ಬಿ ವಿಶ್ವಕಪ್ ಪಂದ್ಯಗಳನ್ನು ಬೇರೆಡೆಗೆ ಒಯ್ದರು. ಆಮೇಲೆ ಆ ಸ್ಟೇಡಿಯಂನಲ್ಲಿ ಒಂದು ಪಂದ್ಯವೂ ನಡೆಯಲಿಲ್ಲ, ಕೊನೆಗೆ ಕೆಡವಿದರು. ನಿಂತಿದ್ದ ಗ್ಯಾಲರಿಗಳು ಉರುಳಿರಲಿಲ್ಲ. ಓರೆಯಾಗಿದ್ದವು, ಅಷ್ಟೇ ಸಾಕಾಯಿತು.

ಕಟ್ಟುವ ಹೊತ್ತಿನ ಅಪಾಯವನ್ನೂ ಹೇಳಬೇಕು. ನಾನಾಗಲೇ ಹೇಳಿದ ಕಲ್ಲಾಂಗ್ ಜೇಡಿಯಲ್ಲೇ, 2004ರ ಏಪ್ರಿಲ್ 20ರಂದು ಸಿಂಗಾಪುರದ ನಿಕೋಲ್ ಹೆದ್ದಾರಿ ಪಕ್ಕದಲ್ಲಿ ಮೆಟ್ರೋಗೆ ತೋಡಿದ್ದ 30 ಮೀಟರಿಗಿಂತ ಆಳದ ಗುಂಡಿ ಕುಸಿದು ನಾಲ್ವರು ಸತ್ತರು. ಕಂಪ್ಯೂಟರ್ ಲೆಕ್ಕದಲ್ಲಿ ಜೇಡಿಗೆ ಇದ್ದದ್ದಕ್ಕಿಂತ ಜಾಸ್ತಿ ಬಲ ಇದೆ ಅಂತ ಬಂದಿತ್ತು, ಆಸರೆ ಉಕ್ಕಿನ ಜೋಡಣೆಯೂ ದುರ್ಬಲವಾಗಿತ್ತು. ಗೋಡೆ ವಾಲುತ್ತಿದೆ ಅಂತ ಅಳತೆಗಳು ಮೊದಲೇ ತೋರಿಸಿದ್ದವು. ಸ್ಟೇಡಿಯಂನಲ್ಲಿ ಮೈದಾನವನ್ನು ನೆಲದಿಂದ ಕೆಳಗೆ ಇಳಿಸುವ ಆಸೆ ಎಲ್ಲರಿಗೂ ಇರುತ್ತದೆ. ಇಳಿಸುವ ಮೊದಲು ಆ ಕುಸಿತದ ತನಿಖಾ ವರದಿ ಓದಿ ಅಂತ ನಾನು ಕೇಳಿಕೊಳ್ಳುತ್ತೇನೆ.

ನೆಲ ಕೂರುವುದು ಯಾವತ್ತು ನಿಲ್ಲುತ್ತದೆ ಅಂತ ಕೆಲವರು ಕೇಳುತ್ತಾರೆ. ಪೂರ್ತಿ ನಿಲ್ಲುವುದಿಲ್ಲ. ನೀರು ಹೋದ ಮೇಲೂ ಕಣಗಳು ಜರುಗಿಕೊಂಡು ಜೇಡಿ ಇನ್ನಷ್ಟು ಇಳಿಯುತ್ತದೆ. ಒಂದನೇ ವರ್ಷದಿಂದ ಹತ್ತನೇ ವರ್ಷದವರೆಗೆ ಎಷ್ಟೋ, ಹತ್ತರಿಂದ ನೂರನೇ ವರ್ಷದವರೆಗೂ ಹೆಚ್ಚು ಕಡಿಮೆ ಅಷ್ಟೇ. ಜಪಾನಿನ ಕಾನ್ಸಾಯ್ ವಿಮಾನ ನಿಲ್ದಾಣ 1994ರಲ್ಲಿ ತೆರೆಯಿತು, ಸಮುದ್ರದ ಜೇಡಿ ಮೇಲೆ ಮಣ್ಣು ತುಂಬಿ ಮಾಡಿದ ದ್ವೀಪ ಅದು, ಇನ್ನೂ ಇಳಿಯುತ್ತಲೇ ಇದೆ. ಇಳಿಯುತ್ತದೆ ಅಂತ ಗೊತ್ತಿದ್ದೇ ಟರ್ಮಿನಲ್ಲಿನ 900 ಕಂಬಗಳ ಬುಡದಲ್ಲಿ ಜಾಕ್ ಕೊಟ್ಟು ಎತ್ತಿ, ಕೆಳಗೆ ಉಕ್ಕಿನ ಹಲಗೆ ತುಂಬಲು ಜಾಗ ಇಟ್ಟಿದ್ದಾರೆ. ಸ್ಟೇಡಿಯಂನಲ್ಲೂ ಚಾವಣಿ ಕಂಬದ ಬೇರಿಂಗಿನ ಕೆಳಗೆ ಆ ಜಾಗ ಬಿಡಬಹುದು, ಕಟ್ಟುವಾಗ ಬಿಟ್ಟರೆ ಮಾತ್ರ.

ಮತ್ತೆ ಅಳತೆ. ಪ್ರತಿ ಜಾಯಿಂಟಿನ ಎರಡೂ ಕಡೆಯ ಕಂಬಕ್ಕೆ, ಪ್ರತಿ ಗೇಟಿನ ಬುಡಕ್ಕೆ, ಮೈದಾನದ ನಾಲ್ಕು ಮೂಲೆಗೆ ಒಂದೊಂದು ಹಿತ್ತಾಳೆ ಮೊಳೆ. ದೂರದಲ್ಲಿ, ಬಂಡೆಯವರೆಗೆ ಇಳಿಸಿದ ಒಂದು ಸಲಾಕೆಯ ತುದಿಯಿಂದ ಅವುಗಳ ಮಟ್ಟ ತೆಗೆಯಬೇಕು. ಕಟ್ಟುವಾಗ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ಮೊದಲ ಅಳತೆಯನ್ನು ಮಾತ್ರ ಪೈಲ್ ಕ್ಯಾಪಿನ ಕಾಂಕ್ರೀಟ್ ಒಣಗಿದ ವಾರವೇ ತೆಗೆದುಬಿಡಿ. ಉದ್ಘಾಟನೆ ಆದ ಮೇಲೆ ತೆಗೆದ ಅಳತೆಗೆ, ಅದಕ್ಕಿಂತ ಮುಂಚೆ ಎಷ್ಟು ಇಳಿದಿತ್ತು ಅಂತ ಗೊತ್ತೇ ಇರುವುದಿಲ್ಲ.